ಜಿಗಿಹುಳುವಿನ ಎಂಜಲಿನಲ್ಲಿ ಬಂದ ಕುರಿ

ಕೊಪ್ಪಳ ಜಿಲ್ಲೆಯಾದ ವರ್ಷವೇ ಹುಲಗೆಮ್ಮ ಕೂಲಿಗೆ ಸೇರಿದಳು. ಗಂಗಾವತಿ ದಾಟಿ ಮರಳಿಯ ಕಡೆಗೆ ಹೋಗುವ ರಸ್ತೆಯಲ್ಲಿ, ಕಾಲುವೆಯ ಮಗ್ಗುಲಿಗೆ, ಖಾಸಗಿಯವರ ಒಂದು ಭತ್ತದ ತಳಿ ಕೇಂದ್ರವಿತ್ತು. ಅವಳಿಗೆ ಆಗ ಹತ್ತೊಂಬತ್ತು ವರ್ಷ. ಮದುವೆಯಾಗಿ ನಾಲ್ಕು ತಿಂಗಳು. ಗಂಡ ಗಾಳೇಶ ಗಿಣಿಗೇರಾದ ಕಬ್ಬಿಣದ ಕಾರ್ಖಾನೆಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದ. ತವರು ಯಲಬುರ್ಗಾದ ಕಡೆಯ ಎರೆನೆಲದ ಒಂದು ಊರು. ಅಪ್ಪ ಮಾರೆಪ್ಪ ಕಂಬಳಿ ನೇಯುವವನು, ತಾಯಿ ಉಡಚಮ್ಮ ಉಣ್ಣೆ ನೂಲುವವಳು. ಏಳನೆಯ ತರಗತಿ ಮುಗಿದ ಮೇಲೆ ಹುಲಗೆಮ್ಮನೂ ತಾಯಿಯ ಪಕ್ಕ ಕುಳಿತು ನೂತಳು. ಗಟ್ಟಿಯಾಗಿ ಎಳೆದರೆ ಎಳೆ ಹರಿಯುತ್ತದೆ, ಸಡಿಲ ಬಿಟ್ಟರೆ ಗಂಟಾಗುತ್ತದೆ. ಎಷ್ಟು ಎಳೆಯಬೇಕೆಂದು ಯಾರೂ ಹೇಳಿಕೊಡಲಾರರು. ಅದು ಅವಳ ಬೆರಳಿಗೆ ಬಂದಿತ್ತು.

ತಳಿ ಕೇಂದ್ರದಲ್ಲಿ ಅವಳಿಗೆ ಸಿಕ್ಕದ್ದು ಭತ್ತದ ಹೂವಿನ ಕೆಲಸ. ಭತ್ತದಲ್ಲಿ ಗಂಡು ಹೆಣ್ಣು ಎರಡೂ ಒಂದೇ ಸಿಪ್ಪೆಯೊಳಗಿರುತ್ತವೆ. ಬೇರೆ ತಳಿಯೊಂದಿಗೆ ಕೂಡಿಸಬೇಕಾದರೆ ಹೂ ಅರಳುವ ಮುನ್ನವೇ ಸಿಪ್ಪೆಯ ತುದಿ ಕತ್ತರಿಸಿ, ಒಳಗಿನ ಆರು ಕೇಸರಗಳನ್ನು ಚಿಮಟದಿಂದ ಕಿತ್ತು ತೆಗೆಯಬೇಕು. ಹೆಣ್ಣು ಭಾಗಕ್ಕೆ ಚಿಮಟ ಸೋಕಬಾರದು. ಬೇರೆಯವರು ನೂರು ಹೂ ಬಿಡಿಸಿದರೆ ಇಪ್ಪತ್ತು ಕಾಳು ಕಟ್ಟುತ್ತಿದ್ದವು, ಹುಲಗೆಮ್ಮ ಬಿಡಿಸಿದರೆ ಅರವತ್ತು. ಇದಕ್ಕಾಗಿ ಅವಳಿಗೆ ಬಿರುದೇನೂ ಬರಲಿಲ್ಲ, ಇನ್ನಷ್ಟು ಹೂ ಬಂದವು. ಹನ್ನೆರಡು ವರ್ಷ ಅವಳು ಮೊಳಕಾಲುದ್ದ ಕೆಸರಿನಲ್ಲಿ ಬಗ್ಗಿ ನಿಂತೇ ದುಡಿದಳು.

2009ರಲ್ಲಿ ಕೇಂದ್ರಕ್ಕೆ ಡಾಕ್ಟರ್ ಮೆಹರಾಜ ಬಂದರು. ಕುಷ್ಟಗಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನೂರಸಾಬರ ಮಗಳು. ಧಾರವಾಡದಲ್ಲೂ ಹೈದರಾಬಾದಿನಲ್ಲೂ ಓದಿದವರು, ಮಾತು ಕಡಿಮೆ. ಬಂದ ಮೂರನೆಯ ದಿನ ಬದುವಿನ ಮೇಲೆ ನಿಂತು, ಹುಲಗೆಮ್ಮ ಹೂ ಬಿಡಿಸುವುದನ್ನು ಅರ್ಧ ಗಂಟೆ ನೋಡಿದರು.

"ಒಳಗ ಬರ್ತೀ ಏನವ್ವ? ಲ್ಯಾಬಿನ್ಯಾಗ ಕೆಲಸ ಐತಿ."

"ಒಳಗ ಏನ್ ಮಾಡೋದ್ರಿ?"

"ಇದ ಮಾಡೋದು. ಕುಂತ ಮಾಡೋದು."

ಕುಂತು ಎಂಬ ಮಾತಿಗೇ ಹುಲಗೆಮ್ಮ ಒಪ್ಪಿದಳು. ಲ್ಯಾಬಿನಲ್ಲಿ ಅವಳ ಪಾಲಿಗೆ ಕಬ್ಬಿಣದ ಕಾಲಿನ, ಮರದ ಹಲಗೆಯ ಒಂದು ಸ್ಟೂಲು ಬಂತು. ಕುಳಿತು ಮಾಡುವ ಕೆಲಸಕ್ಕೂ ಸಂಬಳ ಕೊಡುತ್ತಾರೆಂಬುದು ಅವಳ ಮಟ್ಟಿಗೆ ಹೊಸ ಸುದ್ದಿ. ಸಂಜೆ ಮನೆಗೆ ಹೊರಡುವ ಮೊದಲು ಆ ಸ್ಟೂಲನ್ನು ಮೇಜಿನ ಕೆಳಗೆ ತಳ್ಳಿ, ನೇರವಾಗಿ ನಿಂತಿದೆಯೇ ಎಂದು ನೋಡಿಯೇ ಹೋಗುವಳು.

ಲ್ಯಾಬಿನ ಕೆಲಸ ಜಿಗಿಹುಳುವಿನ ಎಂಜಲಿನದು. ಭತ್ತ ಬೆಳೆಯುವವರಿಗೆ ಕಂದು ಜಿಗಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಬುಡಕ್ಕೆ ಕುಳಿತು ರಸ ಹೀರಿ, ಗದ್ದೆಯನ್ನು ಅಲ್ಲಲ್ಲಿ ಸುಟ್ಟಂತೆ ಮಾಡುತ್ತದೆ. ಹೀರುವ ಮೊದಲು ಅದು ಗಿಡದೊಳಗೆ ಉಗುಳುತ್ತದೆ. ಆ ಉಗುಳಿನಲ್ಲಿ ಯಾವ ಯಾವ ಪ್ರೋಟೀನುಗಳಿವೆ ಎಂದು ತಿಳಿದರೆ, ಯಾವ ತಳಿಯ ಭತ್ತ ಅದನ್ನು ತಡೆದೀತು ಎಂದು ಹುಡುಕಲು ದಾರಿಯಾಗುತ್ತದೆ. ಕಷ್ಟವೆಂದರೆ ಉಗುಳು ಸಿಗಬೇಕಲ್ಲ. ಗಾಜಿನ ಕೊಳವೆಯ ಬಾಯಿಗೆ ತೆಳುವಾದ ಮೇಣದ ಹಾಳೆಯನ್ನು ಎರಡು ಪದರ ಎಳೆದು ಕಟ್ಟಿ, ನಡುವೆ ಸಕ್ಕರೆ ನೀರಿನ ಹನಿ ಇಟ್ಟು, ಒಳಗೆ ಹುಳು ಬಿಡುತ್ತಿದ್ದರು. ಅದು ಹಾಳೆಗೆ ಮೂತಿ ಚುಚ್ಚಿ ಸಕ್ಕರೆ ನೀರು ಕುಡಿಯುವಾಗ ಒಂದಿಷ್ಟು ಉಗುಳು ನೀರಿನಲ್ಲಿ ಬಿಡುತ್ತದೆ. ಸಾವಿರಾರು ಹುಳುಗಳಿಗೆ ಹೀಗೆ ಕುಡಿಸಿದರೆ ಕಣ್ಣಿಗೆ ಕಾಣದಷ್ಟು ಎಂಜಲು.

"ನಮ್ಮ ಗದ್ದ್ಯಾಗ ಪುಕ್ಕಟ ಕುಡೀತಾವ, ಇಲ್ಲಿ ಸರಬತ್ತು ಕುಡಸ್ತೀರಿ" ಎಂದು ಮರಳಿಯ ರೈತರು ನಗುತ್ತಿದ್ದರು.

ಇವಳಲ್ಲದೆ ಅಲ್ಲಿದ್ದ ಇನ್ನೊಬ್ಬ ಯಂಕೇಶ. ಮರಳಿಯವನು, ಎಂಎಸ್ಸಿ ಮಾಡಿದವನು, ಅಕ್ಕ ಅಕ್ಕ ಎನ್ನುತ್ತ ಅವಳಿಗೆ ಇಂಗ್ಲಿಷ್ ಅಕ್ಷರ ಕಲಿಸಿದವನು. ಟ್ಯೂಬಿನ ಮೇಲೆ ಹೆಸರು ಬರೆಯುವಷ್ಟು ಅವಳು ಕಲಿತಳು.

ಪ್ರೋಟೀನನ್ನು ಇದ್ದ ಹಾಗೆ ಯಂತ್ರಕ್ಕೆ ಕೊಡುವುದಿಲ್ಲ. ಒಂದು ಕಿಣ್ವ ಹಾಕಿ ಅದನ್ನು ಚಿಕ್ಕ ಚಿಕ್ಕ ತುಣುಕು ಮಾಡುತ್ತಾರೆ. ಆ ತುಣುಕಿಗೆ ಪೆಪ್ಟೈಡ್ ಎನ್ನುತ್ತಾರೆ. ಸಕ್ಕರೆ, ಉಪ್ಪು, ಕಸವನ್ನೆಲ್ಲ ತೊಳೆದು ತೆಗೆದು ಪೆಪ್ಟೈಡ್ ಮಾತ್ರ ಉಳಿಸಬೇಕು. ಹೈದರಾಬಾದಿನ ದೊಡ್ಡ ಯಂತ್ರ ಆ ತುಣುಕುಗಳನ್ನು ತೂಗಿ, ತೂಕದ ಮೇಲೆ ಇದು ಯಾವ ಜೀವಿಯ ಯಾವ ಪ್ರೋಟೀನು ಎಂದು ಹೇಳುತ್ತದೆ. ಮಾದರಿ ದೊಡ್ಡದಿದ್ದರೆ ಅಷ್ಟಿಷ್ಟು ಕಸ ಬಂದರೂ ನಡೆದೀತು. ಮಾದರಿ ಇಷ್ಟೇ ಇಷ್ಟು ಇದ್ದಾಗ ಕಸವೇ ದೊಡ್ಡದಾಗಿ ಕೂರುತ್ತದೆ. ಇದನ್ನು ಮೆಹರಾಜ ಒಮ್ಮೆ ಹೇಳಿದ್ದರು, ಹುಲಗೆಮ್ಮ ಕೇಳಿಸಿಕೊಂಡೂ ಇದ್ದಳು. ಆದರೆ ಕಸ ಅಂದರೆ ನೆಲದ ಮೇಲಿನದು ಎಂದು ಅವಳು ತಿಳಿದಿದ್ದಳು.

2014ರ ಬೇಸಿಗೆ. ಒಂದೂವರೆ ವರ್ಷ ಕೂಡಿಟ್ಟ ಎಂಜಲಿನಲ್ಲಿ ಅರ್ಧವನ್ನು ಹೊರಗೆ ತೆಗೆದು, ಐಸಿನ ಡಬ್ಬಿಯಲ್ಲಿಟ್ಟು ಕೆಲಸ ಶುರು ಮಾಡಿದ್ದರು. ಆಗಲೇ ಕರೆಂಟು ಹೋಯಿತು. ಜನರೇಟರು ಕೆಟ್ಟು ಕೂತಿತ್ತು. ಮೆಹರಾಜ ಅದರ ರಿಪೇರಿಯವನನ್ನು ಕರೆತರಲು ಗಂಗಾವತಿಗೆ ಓಡಿದರು, ಯಂಕೇಶ ಐಸು ತರಲು ಇನ್ನೊಂದು ಕಡೆ ಓಡಿದ. ಡಬ್ಬಿಯ ಮುಚ್ಚಳ ಒಡೆದಿತ್ತು, ಐಸು ಬೆವರುತ್ತಿತ್ತು. ಹುಲಗೆಮ್ಮ ಚೀಲದಿಂದ ತನ್ನ ಕಂಬಳಿ ತೆಗೆದಳು. ಲ್ಯಾಬಿನ ಏಸಿಯ ತಂಪು ಅವಳಿಗೆ ಒಗ್ಗದೆ, ಹೊದ್ದುಕೊಳ್ಳಲು ತರುತ್ತಿದ್ದದ್ದು; ಮಾರೆಪ್ಪ ಸಾಯುವ ಮುನ್ನ ನೇಯ್ದ ಕೊನೆಯದು. ಕಂಬಳಿ ಬಿಸಿಯನ್ನಷ್ಟೇ ಅಲ್ಲ, ತಂಪನ್ನೂ ಹಿಡಿದಿಡುತ್ತದೆಂದು ಕಂಬಳಿಯ ಮನೆಯವರಿಗೆ ಗೊತ್ತು; ಕುಷ್ಟಗಿಯ ಸಂತೆಯಲ್ಲಿ ಐಸು ಮಾರುವವನು ಗಡ್ಡೆಯನ್ನು ಮಾರೆಪ್ಪನ ಕಂಬಳಿಯಲ್ಲೇ ಸುತ್ತಿಡುತ್ತಿದ್ದ. ಡಬ್ಬಿಗೆ ಮೂರು ಸುತ್ತು ಸುತ್ತಿದಳು. ಎರಡು ದಿನ ಕರೆಂಟು ಬಂದು ಹೋಗಿ ಮಾಡಿತು. ಸುತ್ತುವುದು, ಬಿಚ್ಚುವುದು, ಟ್ಯೂಬು ತೆಗೆಯುವುದು, ಮತ್ತೆ ಸುತ್ತುವುದು. ಐಸು ಕರಗಲಿಲ್ಲ.

"ಕಂಬಳಿ ಇಲ್ಲದಿದ್ರ ಎಲ್ಲಾ ಹೋಗ್ತಿತ್ತು ನೋಡಕ್ಕ" ಎಂದ ಯಂಕೇಶ. ಮೆಹರಾಜ ಅದನ್ನು ನೋಡಲೇ ಇಲ್ಲ. ಅವರು ಜನರೇಟರಿನ ಬಳಿ ನಿಂತಿದ್ದರು.

ಜೂನಿನಲ್ಲಿ ಹೈದರಾಬಾದಿನಿಂದ ಪಟ್ಟಿ ಬಂತು. ಮೆಹರಾಜ ಕಂಪ್ಯೂಟರಿನ ಮುಂದೆ ಕುಳಿತು ಗಟ್ಟಿಯಾಗಿ ಓದಿದರು.

"ಮೊದಲನೇದು, ಕುರಿ."

ಯಂಕೇಶ ನಕ್ಕ.

"ಎರಡನೇದೂ ಕುರಿ. ಕುರಿ ಉಣ್ಣಿ. ನಾಕನೇದು ಹುಣಸಿ ಬೀಜ. ಜಿಗಿ ಹದಿನೈದನೇ ಸಾಲಿನ್ಯಾಗ ಐತಿ. ಜಿಗೀದು ಒಟ್ಟ ಒಂಬತ್ತು ಪ್ರೋಟೀನು. ಒಂದೂವರಿ ವರ್ಷದ ಕೆಲಸ." ಅವರು ಕನ್ನಡಕ ತೆಗೆದರು. "ನಿಮ್ಮ ಲ್ಯಾಬು ಕುರಿದೊಡ್ಡ್ಯಾಗ ಐತೇನು ಅಂತ ಕೇಳ್ಯಾರ."

ಯಂಕೇಶನ ನಗು ನಿಂತಿತು. ಕುರಿ ಎಂದಾಗಲೇ ಹುಲಗೆಮ್ಮನಿಗೆ ಅನುಮಾನ ಬಂದಿತ್ತು. ಹುಣಸೆ ಬೀಜ ಎಂದಾಗ ಅನುಮಾನ ಉಳಿಯಲಿಲ್ಲ. ಹುಣಸೆ ಬೀಜ ಅರೆದು, ಕುದಿಸಿ, ಆ ಗಂಜಿಯನ್ನು ಹಚ್ಚಿದರೇನೇ ಕಂಬಳಿಗೆ ಬಿಗಿ. ಒಣಗಿದ ಮೇಲೆ ಅದು ಪುಡಿಯಾಗಿ ಉದುರುತ್ತಲೇ ಇರುತ್ತದೆ. ಕುರಿಯನ್ನೂ ಹುಣಸೆ ಬೀಜವನ್ನೂ ಒಂದೇ ಕಡೆ ಕೂಡಿಸುವ ವಸ್ತು ಲೋಕದಲ್ಲಿ ಎಷ್ಟಿರಲು ಸಾಧ್ಯ?

ಮೆಹರಾಜ ಯಂಕೇಶನ ಕಡೆ ತಿರುಗಿದರು.

"ನೀ ಚಳಿಗಾಲದಾಗ ಒಂದು ಸ್ವೆಟರ್ ಹಾಕ್ತಿದ್ದಿ."

"ಅದು ನೈಲಾನಿಂದ್ರಿ ಮೇಡಂ. ಬೆಂಕಿ ಹಚ್ಚಿ ತೋರಿಸ್ತೀನಿ ಬೇಕಾದ್ರ."

"ಡಬ್ಬ್ಯಾಗ ದಿನಾ ಏನು ತರ್ತೀ?"

"ಪುಳಿಹೋರಾರಿ. ಅದರಾಗ ಹುಣಸಿ ಹಣ್ಣು ಇರತೈತಿ, ಬೀಜ ಯಾರು ಹಾಕ್ತಾರ್ರಿ?"

"ನಿಮ್ಮ ದೊಡ್ಡಪ್ಪಾರ ಮನ್ಯಾಗ ಕುರಿ ಅದಾವ."

ಯಂಕೇಶ ಹುಲಗೆಮ್ಮನ ಕಡೆ ಒಮ್ಮೆ ನೋಡಿದ; ಕಂಬಳಿಯ ಹೆಸರೆತ್ತದೆ, "ಅದಾವ್ರಿ" ಎಂದ. ದೊಡ್ಡಪ್ಪನ ಮನೆಯಲ್ಲಿ ಮೂವತ್ತು ಕುರಿ ಇದ್ದವು.

ಮೆಹರಾಜ ಮುಂದಿನದನ್ನೂ ಆಗಲೇ ಹೇಳಿಬಿಟ್ಟರು. ಉಳಿದದ್ದು ಅರ್ಧ ಎಂಜಲು. ಹೈದರಾಬಾದಿನ ಯಂತ್ರದಲ್ಲಿ ಇನ್ನು ಮೂರು ಸರದಿ ಮಾತ್ರ. ದೀಪಾವಳಿಯೊಳಗೆ ಫಲ ತೋರಿಸದಿದ್ದರೆ ಕೇಂದ್ರದವರು ಈ ಕೆಲಸ ನಿಲ್ಲಿಸಿ ಕೋಣೆಯನ್ನು ಬೀಜದ ಗೋದಾಮು ಮಾಡುತ್ತಾರೆ. ಯಂಕೇಶ ನಾಳೆಯಿಂದ ಮಾದರಿ ಮುಟ್ಟಬಾರದು, ಹುಳು ಸಾಕುವ ಮನೆಯಲ್ಲಿರಲಿ.

ಸಂಜೆ ಹುಲಗೆಮ್ಮ ಸ್ಟೂಲನ್ನು ಮೇಜಿನ ಕೆಳಗೆ ತಳ್ಳಿ, ನೇರವಾಗಿದೆಯೇ ಎಂದು ಎರಡು ಸಲ ನೋಡಿದಳು. ಕಂಬಳಿ ತನ್ನದು ಎಂದರೆ ಮರುದಿನ ಮತ್ತೆ ಕೆಸರಿಗೆ. ವಯಸ್ಸು ಮೂವತ್ತಾರಾಗಿತ್ತು, ನಡು ಮೊದಲಿನ ನಡುವಾಗಿರಲಿಲ್ಲ.

ಮನೆಗೆ ಹೋಗಿ ಗಾಳೇಶನಿಗೆ ಹೇಳಿದಳು. ಅವನು ಕಾರ್ಖಾನೆಯ ಕಪ್ಪನ್ನು ತಿಕ್ಕಿ ತೊಳೆಯುತ್ತಿದ್ದ.

"ಕುರೀ ಮ್ಯಾಲ ನಿನ್ನ ಹೆಸರು ಬರದೈತೇನು? ಸುಮ್ಮನಿರು."

"ಆ ಹುಡುಗ ಸಿಗಹಾಕ್ಕೊಂಡಾನ."

"ಓದ್ಯಾನ. ಎಲ್ಲ್ಯಾರ ಕೆಲಸ ಸಿಗತೈತಿ ಅವಗ. ನಿನಗ ಸಿಗತೈತೇನು?"

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಹುಲಗೆಮ್ಮ ಊಟಕ್ಕಿಟ್ಟಳು. ತಾನು ಅರ್ಧ ರೊಟ್ಟಿ ತಿಂದು ಎದ್ದಳು. ಬೆಳಿಗ್ಗೆ ಕಂಬಳಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ, ಬಾಯಿ ಕಟ್ಟಿ, ಲ್ಯಾಬಿನ ಒಳಗೆ ಒಯ್ಯದೆ ವರಾಂಡದಲ್ಲಿ ನಿಂತಳು.

"ಮೇಡಮ್ಮಾರ, ಆ ಕುರಿ ನಮ್ಮನಿದು."

ಮೆಹರಾಜ ಅರ್ಥವಾಗದೆ ನೋಡಿದರು. ಹುಲಗೆಮ್ಮ ಐಸಿನ ಡಬ್ಬಿಯ ಕಥೆ ಹೇಳಿದಳು, ಹುಣಸೆ ಬೀಜದ ಗಂಜಿಯ ಕಥೆಯನ್ನೂ ಹೇಳಿದಳು. ಅಳಲಿಲ್ಲ, ಕೈಕಾಲು ಹಿಡಿಯಲೂ ಹೋಗಲಿಲ್ಲ. ಕೊನೆಗೆ, "ಯಂಕೇಶನ ಸ್ವೆಟರು ನೈಲಾನಿಂದ ಐತ್ರಿ. ನಾ ಒಗದೀನಿ ಒಮ್ಮೆ" ಎಂದಳು.

ಮೆಹರಾಜ ಚೀಲ ಬಿಚ್ಚಿ ಬಿಸಿಲಿಗೆ ಹಿಡಿದು ಕಂಬಳಿಯನ್ನು ಒಮ್ಮೆ ಕೊಡವಿದರು. ಬೆಳಕಿನ ಕೋಲಿನಲ್ಲಿ ಧೂಳು ಎದ್ದು ಕುಣಿಯಿತು. ಇಬ್ಬರೂ ಅದು ಇಳಿಯುವವರೆಗೆ ನೋಡಿದರು.

"ಇದು ಇರಲಿಲ್ಲಂದ್ರ ಎಂಜಲು ಕೆಡ್ತಿತ್ತು" ಎಂದರು ಮೆಹರಾಜ. "ಇತ್ತು ಅಂತ ಕೆಟ್ಟೈತಿ. ಮುಚ್ಚಳ ಒಡದದ್ದು ನನಗ ಗೊತ್ತಿತ್ತು. ಹೊಸಾದು ತರಿಸಲಿಲ್ಲ. ಯಂಕೇಶನ್ನ ಕರಿ."

ಯಂಕೇಶ ಬಂದ. ಮೆಹರಾಜ ಅವನಿಗೆ, "ನಾ ಅಂದದ್ದು ತಪ್ಪು. ಒಳಗ ಬಾ" ಎಂದರು. ಅಷ್ಟೇ. ದೊಡ್ಡ ಓದು ಓದಿದವರು ಇಷ್ಟು ಚಿಕ್ಕದಾಗಿ ತಪ್ಪೊಪ್ಪಿಕೊಳ್ಳುವುದು ಅಪರೂಪ. ಹುಲಗೆಮ್ಮ ಕೂರಲೋ ಹೋಗಲೋ ತಿಳಿಯದೆ ಬಾಗಿಲಲ್ಲೇ ನಿಂತಿದ್ದಳು.

"ಸ್ಟೂಲ್ ಮ್ಯಾಲ ಕೂಡು. ಸದ್ಯಕ್ಕ" ಎಂದರು ಮೆಹರಾಜ.

ಆ 'ಸದ್ಯಕ್ಕ' ಎಂಬ ಮಾತು ಅವಳೊಂದಿಗೆ ನಾಲ್ಕು ತಿಂಗಳು ಇತ್ತು.

ಉಳಿದ ಅರ್ಧವನ್ನು ಹಳೆಯ ಹಾಗೆಯೇ ತೊಳೆದರೆ ಕುರಿ ಹೋದರೂ ಎಂಜಲು ಉಳಿಯುವುದಿಲ್ಲ ಎಂದು ಮೆಹರಾಜರಿಗೆ ಗೊತ್ತಿತ್ತು. ಅಲ್ಲಿಯವರೆಗೆ ಅವರು ಕೊಂಡು ತಂದ ದೊಡ್ಡ ಕೊಳವೆಯಲ್ಲಿ ತೊಳೆಯುತ್ತಿದ್ದರು. ಕಾಗದದ ಮೇಲೆ ಆ ಕ್ರಮ ಬರೆದು ಯಂಕೇಶ ಓದಿಹೇಳುತ್ತಿರುವಾಗ ಹುಲಗೆಮ್ಮ ಬೆರಳು ಮಡಚಿ ಎಣಿಸಿದಳು.

"ಒಟ್ಟ ಎಷ್ಟ ಮನಿ ತಿರಗತೈತ್ರಿ ಇದು?"

"ಮನಿ ಅಂದ್ರ?"

"ಈ ಟ್ಯೂಬಿನಿಂದ ಆ ಟ್ಯೂಬಿಗೆ."

"ಐದು" ಎಂದ ಯಂಕೇಶ.

"ಐದು ಮನ್ಯಾಗ ಒಂದೀಟು ಒಂದೀಟು ಅಂಟಿ ಕುಂತರ, ಕೊನೀಕ ಏನ್ ಉಳೀತೈತ್ರಿ? ಮೊದಲ ಇರೋದ ಒಂದೀಟು."

ಮೆಹರಾಜ ಬಹಳ ದಿನದಿಂದ ಇದನ್ನೇ ಓದುತ್ತಿದ್ದರು. ಹೊರದೇಶದ ಕೆಲವು ಲ್ಯಾಬುಗಳಲ್ಲಿ ಹನಿ ಅಳೆಯುವ ಪಿಪೆಟ್ಟಿನ ತುದಿಗೆ ಸಿಕ್ಕಿಸುವ ಚಿಕ್ಕ ಟಿಪ್ಪಿನೊಳಗೇ ಎಲ್ಲವನ್ನೂ ಮಾಡುತ್ತಿದ್ದರು. ಪೆಪ್ಟೈಡನ್ನು ಹಿಡಿದುಕೊಳ್ಳುವ ಬಿಳಿಯ ತೆಳು ಹಾಳೆಯೊಂದಿದೆ. ತುದಿ ಸವೆಸಿದ ಸೂಜಿಯಿಂದ ಅದರಲ್ಲಿ ಸಾಸಿವೆಯಷ್ಟು ಬಿಲ್ಲೆ ಕೊರೆದು, ಟಿಪ್ಪಿನ ಮೂತಿಗೆ ಒತ್ತಬೇಕು. ಪ್ರೋಟೀನು ಕತ್ತರಿಸುವುದು, ತೊಳೆಯುವುದು, ಬಿಡಿಸುವುದು ಎಲ್ಲ ಅಲ್ಲೇ. ಐದು ಮನೆಯ ಬದಲು ಒಂದೇ ಮನೆ. ಬಿಲ್ಲೆ ಗಟ್ಟಿಯಾಗಿ ಕುಳಿತರೆ ನೀರು ಇಳಿಯುವುದಿಲ್ಲ, ಸಡಿಲವಾದರೆ ಪೆಪ್ಟೈಡು ಬದಿಯಿಂದ ಜಾರಿಹೋಗುತ್ತದೆ. ಒಮ್ಮೆ ಒದ್ದೆ ಮಾಡಿದ ಬಿಲ್ಲೆ ಒಣಗಿದರೂ ಕೆಲಸ ಕೆಟ್ಟಿತು.

ಯಂಕೇಶ ಹತ್ತು ಟಿಪ್ಪು ಕಟ್ಟಿದ. ನಾಲ್ಕರಲ್ಲಿ ನೀರು ಇಳಿಯಲೇ ಇಲ್ಲ, ಮೂರರಲ್ಲಿ ಬದಿಯಿಂದ ಜಾರಿಹೋಯಿತು. ಹುಲಗೆಮ್ಮ ಮೊದಲ ದಿನ ಕಟ್ಟಿದ್ದೂ ಅಷ್ಟೇ. ಎರಡನೆಯ ವಾರಕ್ಕೆ ಸೂಜಿಯನ್ನು ಒತ್ತುವಾಗ ಬಿಲ್ಲೆ ಎಲ್ಲಿ ಸಾಕು ಎನ್ನುತ್ತದೆಂದು ಅವಳ ಬೆರಳಿಗೆ ತಿಳಿಯತೊಡಗಿತು. ತಿಂಗಳಲ್ಲಿ ಇಪ್ಪತ್ತಕ್ಕೆ ಹತ್ತೊಂಬತ್ತು ಒಂದೇ ಹದಕ್ಕೆ ನೀರಿಳಿಸಿದವು.

"ಹ್ಯಾಂಗ್ ಮಾಡ್ತೀಯಕ್ಕ?"

"ನೂಲು ಬಂದವರಿಗೆ ಕೇಳಬಾರದು ಅದು."

ಇನ್ನು ಧೂಳು. ಧೂಳು ಬೀಳದಂತೆ ಕೈಯಷ್ಟೇ ಒಳಗೆ ಹಾಕಿ ಕೆಲಸ ಮಾಡುವ ಮುಚ್ಚುಪೆಟ್ಟಿಗೆ ಬೇಕೆಂದರು ಮೆಹರಾಜ; ಅದಕ್ಕೆ ಹೊರಗಿನ ಕಂಪನಿಯವರು ಹೇಳಿದ ಬೆಲೆ ಕೇಳಿ ಕೇಂದ್ರದವರು ಸುಮ್ಮನಾದರು. ಹುಲಗೆಮ್ಮ ಗಂಗಾವತಿಯಲ್ಲಿ ಬೇಕರಿಗಳಿಗೆ ಗಾಜಿನ ಕಪಾಟು ಮಾಡುವ ಟಿಪ್ಪುಸಾಬನನ್ನು ಕರೆತಂದಳು. ಅವನು ಅಳತೆ ತೆಗೆದುಕೊಂಡ.

"ಮುಂದಿನ ಗಾಜಿಗೆ ಎರಡು ತೂತು ಯಾಕ್ರಿ?"

"ಕೈ ಹಾಕಾಕ."

"ಗಿರಾಕಿ ಕೈ ಹಾಕಿದ್ರ ಕೇಕ್ ಉಳೀತೈತೇನ್ರಿ? ಒಳಗ ಏನ್ ಇಡವ್ರು? ಖಾರೀನೋ, ದಿಲ್‌ಪಸಂದೋ?"

"ಜಿಗಿ ಎಂಜಲ."

ಟಿಪ್ಪುಸಾಬ ಟೇಪು ಮಡಚಿ ಅವಳ ಮುಖ ನೋಡಿದ. "ಗಾಜು ಛಲೋದ ಹಾಕ್ತೀನಿ ತಗೋರಿ" ಎಂದ.

ಪೆಟ್ಟಿಗೆ ಬಂತು. ಹುಲಗೆಮ್ಮ ತಾನೇ ಕಟ್ಟಳೆ ಮಾಡಿಕೊಂಡಳು. ಲ್ಯಾಬಿಗೆ ನೂಲಿನ ಸೀರೆ ಒಂದು ಬೇರೆ; ಬಂದು ಉಡುವುದು, ಹೋಗುವಾಗ ಬಿಚ್ಚಿಡುವುದು. ಕೂದಲಿಗೆ ಒದ್ದೆ ಬಟ್ಟೆ. ಮೊಳಕೈವರೆಗೆ ಮೂರು ಸಲ ತೊಳೆದ ಮೇಲೆ ಕೈಗವಸು. ಆ ಕಂಬಳಿಯನ್ನೂ ಮನೆಯಲ್ಲಿದ್ದ ಉಳಿದೆರಡನ್ನೂ ತವರಿಗೆ ಕಳಿಸಿದಳು. ಗಾಳೇಶ ಕಾರ್ಖಾನೆಯ ಬಟ್ಟೆಯಲ್ಲೇ ಹತ್ತಿರ ಬಂದರೆ ಏನೂ ಅನ್ನುತ್ತಿರಲಿಲ್ಲ. ಅವನು ಸಂತೆಯಲ್ಲಿ ಕುರಿ ಮುಟ್ಟಿ ಬಂದ ದಿನ ಮಾತ್ರ ಅಂಗಳದಲ್ಲೇ ನಿಲ್ಲಿಸಿದಳು.

"ಮೈತುಂಬ ಕಬ್ಬಿಣ ತಂದ್ರ ನಡೀತೈತಿ, ಕೈಗೊಂದು ಕೂದಲು ತಂದ್ರ ನಡ್ಯಾಂಗಿಲ್ಲ" ಎಂದು ಅವನು ಗೊಣಗಿದ.

"ಕಬ್ಬಿಣ ಪಟ್ಟ್ಯಾಗ ಬರಾಂಗಿಲ್ಲ" ಎಂದಳು.

ಸೆಪ್ಟೆಂಬರಿಗೆ ಎಲ್ಲ ಸಿದ್ಧವಾಯಿತು. ಎಂಜಲು ತೆಗೆಯಲು ಮೆಹರಾಜ ಫ್ರಿಜ್ಜಿನ ಬಾಗಿಲಿಗೆ ಕೈ ಹಾಕಿದರು.

"ಬ್ಯಾಡ್ರಿ" ಎಂದಳು ಹುಲಗೆಮ್ಮ. "ಮೊದಲ ನೀರು ಕಳಸ್ರಿ."

"ಯಾವ ನೀರು?"

"ಬರೇ ಸಕ್ಕರಿ ನೀರು. ಹುಳು ಮುಟ್ಟಲಾರದ್ದು. ಎಂಜಲಿಗೆ ಮಾಡಿದ್ಹಂಗ ಎಲ್ಲಾ ಮಾಡ್ತೀನಿ. ಅದರಾಗ ಕುರಿ ಬಂದ್ರ ಕುರಿ ನನ್ನ ಕೈಯಾಗ ಐತಂದಂಗಾತು. ಆವಾಗ ಎಂಜಲು ಯಂಕೇಶ ಮಾಡ್ಲಿ, ನಾ ಗದ್ದಿಗೆ ಹೋಗ್ತೀನಿ."

"ಮೂರರಾಗ ಒಂದು ಸರದಿ ನೀರಿಗೆ ಹೋಗತೈತಿ, ಹುಲಗೆಮ್ಮ."

"ಎಂಜಲು ಹೋದ್ರ ಮತ್ತ ಒಂದೂವರಿ ವರ್ಷ ಹೋಗತೈತ್ರಿ."

ಮೆಹರಾಜ ಫ್ರಿಜ್ಜಿನ ಬಾಗಿಲು ಮುಚ್ಚಿದರು. ಖಾಲಿ ಮಾದರಿ ಇಡಬೇಕೆಂದು ತಾವೇ ವರ್ಷಾನುಗಟ್ಟಲೆ ಪಾಠ ಹೇಳಿದವರು. ಸರದಿ ಕಡಿಮೆಯಾದಾಗ ಅದನ್ನು ಬಿಡಲು ಹೊರಟಿದ್ದರು.

ಹುಲಗೆಮ್ಮ ಗಾಜಿನ ಪೆಟ್ಟಿಗೆಗೆ ಕೈ ಹಾಕಿ ಎರಡು ದಿನ ನೀರನ್ನೇ ತೊಳೆದಳು. ಇಲ್ಲದ ಪೆಪ್ಟೈಡನ್ನು ಹಿಡಿದಳು, ತೊಳೆದಳು, ಬಿಡಿಸಿದಳು, ಒಣಗಿಸಿದಳು. ಟ್ಯೂಬಿನ ತಳದಲ್ಲಿ ಏನೂ ಕಾಣಲಿಲ್ಲ; ಕಾಣಬಾರದೇ ಇತ್ತು. ಯಂಕೇಶ ಅದನ್ನು ಐಸಿನಲ್ಲಿಟ್ಟುಕೊಂಡು ಹೈದರಾಬಾದಿಗೆ ಹೊರಟ.

ನಾಲ್ಕನೆಯ ದಿನ ಮಧ್ಯಾಹ್ನ ಅವನ ಫೋನು ಬಂತು. ಆ ನಾಲ್ಕು ದಿನ ಹುಲಗೆಮ್ಮ ಸ್ಟೂಲಿನ ಮೇಲೆ ಕೂತಿರಲಿಲ್ಲ. ನಿಂತೇ ಟಿಪ್ಪು ಕಟ್ಟಿದ್ದಳು. ಮೆಹರಾಜ ಫೋನನ್ನು ಮೇಜಿನ ಮೇಲಿಟ್ಟು ದನಿ ಜೋರು ಮಾಡಿದರು.

"ಹೇಳು."

"ಪಟ್ಟಿ ಭಾಳ ಸಣ್ಣದೈತ್ರಿ ಮೇಡಂ. ನಾವು ಹಾಕಿದ ಕಿಣ್ವ ಐತಿ. ಮನಷ್ಯಾರ ತೊಗಲು ಒಂದೀಟು ಐತಿ."

"ಕುರಿ?" ಎಂದಳು ಹುಲಗೆಮ್ಮ.

"ಇಲ್ಲಕ್ಕ."

"ಹುಣಸಿ?"

"ಇಲ್ಲ."

"ಕೆಳಗಿನ ತನಕ ನೋಡು."

"ಎರಡ ಸಲ ನೋಡೀನಕ್ಕ. ಇಲ್ಲ."

"ಆ ತೊಗಲು ಯಾರದು?"

"ಅದು ಗೊತ್ತಾಗಂಗಿಲ್ಲ. ಮನಷ್ಯಾರದು ಅಷ್ಟ. ಇಲ್ಲಿಯವರದೂ ಇರಬಹುದು."

ಹುಲಗೆಮ್ಮ ಸ್ಟೂಲನ್ನು ಕಾಲಿನಿಂದ ಎಳೆದುಕೊಂಡು ಕುಳಿತಳು. ಆ ವಾರವೇ ಎಂಜಲು ತೊಳೆದಳು. ಎರಡು ಟಿಪ್ಪು, ಎರಡು ಸರದಿ. ದೀಪಾವಳಿಗೆ ಎಂಟು ದಿನ ಇರುವಾಗ ಬಂದ ಪಟ್ಟಿಯಲ್ಲಿ ಜಿಗಿ ಮೊದಲನೆಯ ಸಾಲಿನಲ್ಲೇ ಇತ್ತು. ಮೊದಲು ಒಂಬತ್ತು ಪ್ರೋಟೀನು ಸಿಕ್ಕಿದ್ದಲ್ಲಿ ಈಗ ಎಪ್ಪತ್ತೊಂದು. ಎರಡು ಟಿಪ್ಪಿನ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಅಕ್ಕತಂಗಿಯರ ಹಾಗೆ ಹೋಲುತ್ತಿದ್ದವು. ಮೆಹರಾಜ ಅದನ್ನು ಕೇಂದ್ರದವರಿಗೆ ತೋರಿಸಲು ಹೊರಟು ನಿಂತರು. ಬಾಗಿಲಲ್ಲಿ ತಿರುಗಿ, "ಸದ್ಯಕ್ಕ ಅಂದಿದ್ನಲ್ಲ, ಅದನ್ನ ಬಿಡು" ಎಂದು ಹೋದರು.

ಗೋದಾಮಿಗೆ ಬೇರೆ ಕೋಣೆ ಸಿಕ್ಕಿತು.

ಮುಂದಿನ ಬೇಸಿಗೆಗೆ ಹೊಸ ಐಸಿನ ಡಬ್ಬಿ ಬಂತು, ಗಟ್ಟಿ ಮುಚ್ಚಳದ್ದು. ಕರೆಂಟು ಹಳೆಯದೇ. ಹುಲಗೆಮ್ಮ ತವರಿಗೆ ಹೋದಾಗ ಉಡಚಮ್ಮನಿಗೆ ಎಲ್ಲ ಹೇಳಿದಳು. ಎಪ್ಪತ್ತು ದಾಟಿದ ಮುದುಕಿ ಕೇಳಿ, "ನಿಮ್ಮಪ್ಪನ ಕಂಬಳಿ ಹೈದರಾಬಾದ್ ಮಟ ಹೋಗಿ ಗುರುತು ಹಿಡಿಸ್ಕೊಂಡೈತಿ ಅನ್ನು" ಎಂದಳು. ನಂತರ ದಬ್ಬಣ ತೆಗೆದುಕೊಂಡು ಆ ಕಂಬಳಿಯನ್ನು ಎರಡು ಮಡಿಕೆ ಮಾಡಿ, ತೊಳೆದ ಯೂರಿಯಾ ಚೀಲದೊಳಗೆ ಸೇರಿಸಿ, ನಾಲ್ಕೂ ಕಡೆ ಇರುವೆ ನುಸುಳದಂತೆ ಹೊಲಿದಳು.

ಕರೆಂಟು ಹೋದಾಗ ಆ ಚೀಲವನ್ನು ಐಸಿನ ಡಬ್ಬಿಗೆ ವರಾಂಡದಲ್ಲೇ ಸುತ್ತುತ್ತಾರೆ. ಲ್ಯಾಬಿನ ಹೊಸ್ತಿಲು ಅದು ದಾಟುವುದಿಲ್ಲ. ಕಲಿಯಲು ಬರುವವರಿಗೆ ಹುಲಗೆಮ್ಮ ಟಿಪ್ಪು ಕಟ್ಟುವುದನ್ನು ಎರಡನೆಯ ವಾರ ಹೇಳಿಕೊಡುತ್ತಾಳೆ. ಮೊದಲನೆಯ ವಾರ ಪೂರ್ತಿ ನೀರು ತೊಳೆಸುತ್ತಾಳೆ.